ಅಳುವ ಮುಖ ಒತ್ತದ ಮಗಳು: ನೋವು ಹೇಳುವ ಆಪ್ ಜೊತೆ 14 ತಿಂಗಳು

ನನ್ನ ಮಗಳಿಗೆ 7 ವರ್ಷ. ಕೀಲುಗಳು ಊದಿಕೊಂಡು ನೋಯುವ ಕಾಯಿಲೆ. ಚಿಕಿತ್ಸೆಗೆ ಹೋದಾಗಲೆಲ್ಲ ಆಸ್ಪತ್ರೆಯಲ್ಲಿ ಅವಳ ಕೈಗೇ ಟ್ಯಾಬ್ ಕೊಡುತ್ತಾರೆ. ನೋವು ಎಲ್ಲಿದೆ, ಎಷ್ಟಿದೆ ಅಂತ ಅವಳೇ ಹೇಳಬೇಕು.

ನನಗೆ ತುಂಬಾ ಇಷ್ಟವಾದದ್ದು ಮೈಯ ಚಿತ್ರ. ಮುಂದಿನಿಂದ ಒಂದು, ಬೆನ್ನಿನ ಕಡೆಯಿಂದ ಒಂದು. ನೋಯುವ ಜಾಗಕ್ಕೆ ಬಣ್ಣ ಹಚ್ಚಬೇಕು. ಬಣ್ಣ ಆರಿಸುವುದಕ್ಕೇ ಇವಳಿಗೆ ಐದು ನಿಮಿಷ ಬೇಕು. ಮಂಡಿಗೆ ಯಾವಾಗಲೂ ನೇರಳೆ, ಮಣಿಕಟ್ಟಿಗೆ ಕಿತ್ತಳೆ. ಒಂದು ಬೆಳಿಗ್ಗೆ ದವಡೆಗೂ ನೇರಳೆ ಬಳಿದಳು. ಅಲ್ಲೂ ನೋಯುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಊಟ ನಿಧಾನ ಅಂತ ಸುಮ್ನೆ ಗದರುತ್ತಿದ್ದೆ. ಆ ಚಿತ್ರಕ್ಕೆ ನಾನು ಋಣಿ.

ಆದರೆ ಅದರ ಮುಂದಿನ ಪುಟ ನಮ್ಮನ್ನು ತಿಂಗಳುಗಟ್ಟಲೆ ಕಾಡಿತು. ಅಲ್ಲಿ ಆರು ಮುಖಗಳು. ಮೊದಲನೆಯದು ನಗುತ್ತದೆ, ಕೊನೆಯದರ ಕೆನ್ನೆ ಮೇಲೆ ಕಣ್ಣೀರು. ಮಂಡಿ ಬಿಸಿಯಾಗಿ ಊದಿಕೊಂಡ ದಿನವೂ ಇವಳು ಮೂರನೇ ಮುಖವನ್ನೇ ಒತ್ತುತ್ತಿದ್ದಳು. ಮುಖಗಳಿಗೆ 0, 2, 4 ಹೀಗೆ 10ರವರೆಗೆ ನೋವಿನ ಅಂಕ; ಮೂರನೆಯದು ಅಂದರೆ 10ಕ್ಕೆ 4. "ಸರಿಯಾಗಿ ನೋಡು ಕಂದ" ಅಂದರೆ, "ಅಮ್ಮ, ನಾನು ಅಳ್ತಾ ಇಲ್ವಲ್ಲ!" ಅನ್ನುತ್ತಿದ್ದಳು. ಅವಳು ಹೇಳಿದ್ದು ಸರಿ ಅಲ್ವಾ? ಸೂಜಿ ಕಂಡು ಹೆದರಿದ ದಿನ ಮಾತ್ರ ಅಳುವ ಮುಖ ಒತ್ತಿದಳು, ಚುಚ್ಚುವ ಮೊದಲೇ. ಆಪ್ ನೋವು ಕೇಳುತ್ತಿರಲಿಲ್ಲ, ಅಳು ಕೇಳುತ್ತಿತ್ತು. ಆ 4 ನೋಡಿ ಒಂದು ರಾತ್ರಿ ನೋವಿನ ಔಷಧಿ ತಡವಾಯಿತು. ಅದು ಇವತ್ತಿಗೂ ನನಗೆ ಸಂಕಟ.

ಕೊನೆಗೆ ಒಬ್ಬ ನರ್ಸ್ ಅವಳ ಮಾತು ಕೇಳಿಸಿಕೊಂಡು, ಸೆಟ್ಟಿಂಗ್ಸ್‌ಗೆ ಹೋಗಿ ಮುಖಗಳನ್ನೇ ಬದಲಿಸಿದರು. 2001ರಲ್ಲಿ ಬಂದ 'ಫೇಸಸ್ ಪೇನ್ ಸ್ಕೇಲ್ ರಿವೈಸ್ಡ್'. ಅದರಲ್ಲಿ ನಗುವೂ ಇಲ್ಲ, ಕಣ್ಣೀರೂ ಇಲ್ಲ. ಹುಬ್ಬು, ಕಣ್ಣು, ಬಾಯಿ ಬರಬರುತ್ತಾ ಬಿಗಿಯಾಗುತ್ತವೆ, ಅಷ್ಟೇ. ಅಂಕ ಇಲ್ಲೂ 0ಯಿಂದ 10. ಅವತ್ತೇ ಸಂಜೆ ಇವಳು ಐದನೇ ಮುಖ ಒತ್ತಿದಳು. 8! ಔಷಧಿ ಆಗಲೇ ಬಂತು.

ಆಪ್ ಮಾಡಿದವರೇ, ದಯವಿಟ್ಟು ಈ ಮುಖಗಳನ್ನೇ ಮೊದಲು ತೋರಿಸಿ. ಸೆಟ್ಟಿಂಗ್ಸ್ ಒಳಗೆ ಯಾರು ಹುಡುಕುತ್ತಾರೆ?

ಈಗ ಔಷಧಿ ಕೊಟ್ಟು ಸ್ವಲ್ಪ ಹೊತ್ತಾದ ಮೇಲೆ ಅವಳೇ ಟ್ಯಾಬ್ ಕೇಳುತ್ತಾಳೆ. ಮಂಡಿಯ ನೇರಳೆಯನ್ನು ಬೆರಳಿಂದ ಮೆಲ್ಲಗೆ ಅಳಿಸುತ್ತಾಳೆ. ಅಳಿಸುವ ಗುಂಡಿ ಮಾತ್ರ ತುಂಬಾ ಸಣ್ಣದು. ಬೆರಳು ಊದಿರುವ ದಿನ ನಾನೇ ಒತ್ತಿಕೊಡಬೇಕು.