ಫ್ರೆಂಚ್ ಟೋಸ್ಟ್‌ಗೆ ಬೇಕರಿಯ ಇಡೀ ಬ್ರೆಡ್: ಕೊಳ್ಳಬಹುದೇ?

ಖಂಡಿತ ಕೊಳ್ಳಬಹುದು. ಆದರೆ ಅಂಗಡಿಯವರು ಮೆಷಿನ್‌ಗೆ ಹಾಕುವ ಮೊದಲೇ 'ಸ್ಲೈಸ್ ಬೇಡ' ಎಂದು ಹೇಳಿಬಿಡಿ. ಪ್ಯಾಕೆಟ್ ಬ್ರೆಡ್‌ನ ತೆಳು ಹೋಳು ಹಾಲು ಕುಡಿದ ಕೂಡಲೇ ಮೆತ್ತಗಾಗಿ, ಕಾವಲಿಗೆ ಎತ್ತಿ ಹಾಕುವಷ್ಟರಲ್ಲಿ ಹರಿಯುತ್ತದೆ. ಇಡೀ ಮಿಲ್ಕ್ ಬ್ರೆಡ್ ತಂದರೆ 2 ಸೆಂ.ಮೀ. ದಪ್ಪಕ್ಕೆ ನಾವೇ ಕೊಯ್ದುಕೊಳ್ಳಬಹುದು. ಇದರ ದೊಡ್ಡ ಲಾಭ ಅದೇ.

ತಂದ ದಿನವೇ ಮಾಡಬೇಡಿ. ತಾಜಾ ಬ್ರೆಡ್ ಹಾಲನ್ನು ಸರಿಯಾಗಿ ಹೀರುವುದಿಲ್ಲ, ಮುದ್ದೆಯಾಗುತ್ತದೆ. ಮರುದಿನದ್ದೇ ಸೊಗಸು, ಒಣಗಿದ ಬ್ರೆಡ್ ಹಾಳಾಗದಂತೆ ಬಳಸುವ ಹಳೆಯ ದಾರಿಯೇ ಈ ತಿಂಡಿ.

ನಾಲ್ಕು ಹೋಳಿಗೆ 2 ಮೊಟ್ಟೆ, 120 ಮಿ.ಲೀ. ಹಾಲು, 2 ಚಮಚ ಸಕ್ಕರೆ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಮೊಟ್ಟೆಯನ್ನು ಮೊದಲೇ ಒಂಟಿಯಾಗಿ ಚೆನ್ನಾಗಿ ಕಡೆಯಿರಿ, ಇಲ್ಲದಿದ್ದರೆ ಲೋಳೆ ಬಿಳಿ ಪಟ್ಟಿಯಾಗಿ ಅಂಟಿಕೊಳ್ಳುತ್ತದೆ. ಪ್ರತಿ ಬದಿ 20ರಿಂದ 30 ಸೆಕೆಂಡ್ ನೆನೆದರೆ ಸಾಕು. ಹಾಲು ಹೆಚ್ಚಿಸಿದರೆ ಅದನ್ನು ಗಟ್ಟಿಗೊಳಿಸುವಷ್ಟು ಮೊಟ್ಟೆ ಇರದೆ ನಡುಭಾಗ ಹಸಿಹಸಿಯಾಗಿ ಉಳಿಯುತ್ತದೆ.

ಉರಿ ಮಧ್ಯಮಕ್ಕಿಂತ ಕಡಿಮೆ ಇರಲಿ, ಬದಿಗೆ ಸುಮಾರು 3 ನಿಮಿಷ. ಬೆಣ್ಣೆ ಬೇಗ ಸೀಯುತ್ತದೆ. ತುಪ್ಪ ಅಷ್ಟು ಬೇಗ ಸೀಯುವುದಿಲ್ಲ, ಏಲಕ್ಕಿಗೂ ಅದೇ ಒಪ್ಪುವ ಜೋಡಿ.

ಕೊರತೆ ಒಂದೇ: ಕೆಲವು ಬೇಕರಿಗಳ ಬ್ರೆಡ್ ಮೊದಲೇ ಬಹಳ ಸಿಹಿ. ಒಂದು ಚೂರು ತಿಂದು ನೋಡಿ, ಸಿಹಿಯಿದ್ದರೆ ಸಕ್ಕರೆ ಅರ್ಧಕ್ಕಿಳಿಸಿ. ಇಲ್ಲದಿದ್ದರೆ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ.