ತೀರ್ಥಹಳ್ಳಿ ಕಡೆ ಬಾಡಿಗೆ ಮನೆ ಹುಡುಕ್ತಾ ಇದ್ದೀರಾ? ಹೊಸ ಪೇಂಟು ನಂಬಬೇಡಿ

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮವರಿಗೆ ವರ್ಗವಾಗಿ ತೀರ್ಥಹಳ್ಳಿಗೆ ಬಂದೆವು. ನೋಡಿದ ಮನೆಗೆ ಆಗಷ್ಟೇ ಪೇಂಟು ಹೊಡೆಸಿದ್ದರು. ಖುಷಿಯಿಂದ 50,000 ಅಡ್ವಾನ್ಸ್ ಕೊಟ್ಟೆವು.

ಜುಲೈನಲ್ಲಿ ಪುನರ್ವಸು ಮಳೆ ಬಿಡದೆ ಹೊಡೆಯೋಕೆ ಶುರುವಾಯಿತು. ಮಲಗುವ ಕೋಣೆಯ ಪಶ್ಚಿಮದ ಗೋಡೆ ಬೆವರಿದ ಹಾಗೆ ಒದ್ದೆ. ಬೀರು ಸರಿಸಿ ನೋಡಿದರೆ ನೆಲದಿಂದ ಎದೆಮಟ್ಟದವರೆಗೆ ಕಪ್ಪು ಬೂಷ್ಟು, ಹೊಸ ಪೇಂಟು ಹಪ್ಪಳದ ಹಾಗೆ ಎದ್ದು ಬಂದಿತ್ತು, ಅದರ ಅಡಿಯಲ್ಲಿ ಹಿಂದಿನ ವರ್ಷದ ಹಳೇ ಕಲೆ. ಅಂದರೆ ಓನರಿಗೆ ಮೊದಲೇ ಗೊತ್ತಿತ್ತು.

ಫೋನ್ ಮಾಡಿದರೆ, "ಮಳೆಗಾಲ ಅಲ್ವಾ ಮೇಡಂ, ಬಿಸಿಲು ಬಿದ್ದರೆ ಹೋಗುತ್ತೆ" ಎಂದರು. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟಿಗೆ ಬೂಷ್ಟು ಬರೋದು ನಮಗೂ ಗೊತ್ತು. ಬಿರುಕಿನಿಂದ ನೀರಿಳಿದು ಗೋಡೆಗೇ ಬರೋದು ಬೇರೆ. ನೀರು ನಿಲ್ಲಿಸದೆ ಎಷ್ಟು ಬ್ಲೀಚಿಂಗ್ ಹಾಕಿ ಉಜ್ಜಿದರೂ ವಾರದಲ್ಲಿ ಮತ್ತೆ ಕಪ್ಪಾಗುತ್ತಿತ್ತು. ಅಷ್ಟರಲ್ಲಿ ನಾಲ್ಕು ವರ್ಷದ ಮಗಳಿಗೆ ರಾತ್ರಿಯೆಲ್ಲ ಕೆಮ್ಮು, ಉಸಿರಾಡಿದರೆ ಸುಯ್ ಸುಯ್ ಸದ್ದು. ಡಾಕ್ಟರು ಮೊದಲು ಕೇಳಿದ್ದೇ, ಮನೆಯ ಗೋಡೆ ಒದ್ದೆ ಇದೆಯಾ ಅಂತ. ಆ ಕೋಣೆಯಲ್ಲೇ ಅವಳನ್ನು ಮಲಗಿಸುತ್ತಿದ್ದೆನಲ್ಲ ಅನ್ನೋದು ಇವತ್ತಿಗೂ ಸಂಕಟ.

ಅಕ್ಟೋಬರಿನಲ್ಲಿ ಮನೆ ಬಿಟ್ಟೆವು. ಗೋಡೆ ಹಾಳು ಮಾಡಿದ್ದು ನಾವೇ ಎಂದು ಅಡ್ವಾನ್ಸಿನಲ್ಲಿ 22,000 ಹಿಡಿದುಕೊಂಡರು. ನಾನು ಹೇಳಿದ್ದೆಲ್ಲ ಫೋನಿನಲ್ಲಿ. ತೋರಿಸೋಕೆ ಒಂದು ಮೆಸೇಜ್ ಕೂಡ ಇರಲಿಲ್ಲ.

ಆಮೇಲೆ ಕಾನೂನು ಏನಿದೆ ಅಂತ ಓದಿದೆ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 2020ರಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ಮನೆಯ ಬೂಷ್ಟಿನಿಂದಲೇ ಉಸಿರಾಟ ಕೆಟ್ಟು ತೀರಿಕೊಂಡಿತು. ಅಪ್ಪ ಎಷ್ಟೋ ಸಲ ದೂರು ಕೊಟ್ಟಿದ್ದರು. ಈಗ ಅಲ್ಲಿ ಆ ಮಗುವಿನ ಹೆಸರಲ್ಲೇ ಕಾನೂನಿದೆ. 2025ರ ಅಕ್ಟೋಬರಿನಿಂದ ಸಾಮಾಜಿಕ ವಸತಿಯ, ಅಂದರೆ ಸ್ಥಳೀಯ ಆಡಳಿತ ಅಥವಾ ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಲ್ಲಿ ತುರ್ತು ಅಪಾಯವಿದ್ದರೆ 24 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಲೇಬೇಕು. ನಮ್ಮಲ್ಲಿ ಬೂಷ್ಟಿಗೆ ಅಂತಲೇ ಅಂಥ ಕಾನೂನಿಲ್ಲ. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಇದೆ. ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಮಾಡಿಸದಿದ್ದರೆ, ನಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು. ಯಾವ ರಿಪೇರಿ ಯಾರದ್ದು ಅನ್ನೋದು ಮಾತ್ರ ಅಗ್ರಿಮೆಂಟಿನಲ್ಲಿ ಬರೆದಿರಬೇಕು, ನಮ್ಮದರಲ್ಲಿ ಆ ಸಾಲೇ ಇರಲಿಲ್ಲ.

ಆದ್ದರಿಂದ ಸಾಧ್ಯವಾದರೆ ಮಳೆಗಾಲದಲ್ಲೇ ಮನೆ ನೋಡಿ. ಬೇಸಿಗೆಯಲ್ಲಾದರೆ ಗೋಡೆಯ ಕಪಾಟಿನ ಬಾಗಿಲು ತೆಗೆದು ಮೂಸಿ, ಪಕ್ಕದ ಮನೆಯವರನ್ನು ಸುಮ್ನೆ ಮಾತಾಡಿಸಿ, ಅವರು ಜಾಸ್ತಿ ಹೇಳುತ್ತಾರೆ. ಕೀ ಕೊಟ್ಟ ದಿನವೇ ಎಲ್ಲ ಗೋಡೆಗಳ ಫೋಟೋ ತೆಗೆದು ಓನರಿಗೆ ವಾಟ್ಸಾಪ್ ಮಾಡಿ.

ಈಗಿರುವ ಮನೆಯ ಅಗ್ರಿಮೆಂಟಿನಲ್ಲಿ "ನೀರು ಸೋರಿಕೆ, ಗೋಡೆಯ ತೇವದ ರಿಪೇರಿ ಮಾಲೀಕರದ್ದು" ಎಂದು ನಾನೇ ಕೈಯಲ್ಲಿ ಬರೆದು ಸೇರಿಸಿದೆ. ಈ ಮನೆಯ ಓನರ್ ಅಜ್ಜ ಒಂದು ಮಾತೂ ಆಡದೆ ಪಕ್ಕದಲ್ಲಿ ಸಹಿ ಹಾಕಿದರು.