ಸಾಂಬಾರಿನಲ್ಲಿ ಬೇಳೆ ಹುಡುಕಿದವಳ ಊಟದ ಲೆಕ್ಕ

ದಾವಣಗೆರೆಗೆ ಎಂ.ಕಾಂ. ಓದಲು ಬಂದು ಇದು ಎರಡನೇ ವರ್ಷ. ನಮ್ಮ ಕಾಲೇಜು ಕ್ಯಾಂಟೀನಿನಲ್ಲಿ ಒಂಬತ್ತರೊಳಗೆ ಹೋದರೆ ಮಾತ್ರ ಇಡ್ಲಿ ಬಿಸಿ. ಆಮೇಲೆ ಬರೀ ಚಿತ್ರಾನ್ನ, ಅದೂ ತಣ್ಣಗೆ. ಮಧ್ಯಾಹ್ನದ ಊಟ 50 ರೂಪಾಯಿ. ಸಾಂಬಾರಿನಲ್ಲಿ ಬೇಳೆ ಎಲ್ಲಿ ಅಂತ ಕೇಳಿದರೆ, "ತಳದಾಗೆ ಕುಂತೈತಿ ಬಿಡವ್ವಾ" ಎನ್ನುತ್ತಾರೆ. ಸೌಟು ಹಾಕಿ ನೋಡಿದ್ದೇನೆ, ತಳದಲ್ಲೂ ಇಲ್ಲ!

ಅದಕ್ಕೇ ಈಗ ಹಿಂದಿನ ರಸ್ತೆಯ ಖಾನಾವಳಿ. ಎರಡು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೊಸರು ಸೇರಿ 60 ರೂಪಾಯಿ. ರೊಟ್ಟಿ ಕಣ್ಣೆದುರೇ ಬಡಿಯುತ್ತಾರೆ. ಕೂರಲು ಜಾಗ ಕಡಿಮೆ, ಅಷ್ಟೇ.

ಬೆಣ್ಣೆ ದೋಸೆ ತಿಂಗಳ ಮೊದಲ ವಾರದ ಮಾತು. ಹಿಟ್ಟಿಗೆ ಮಂಡಕ್ಕಿ ಸೇರಿಸಿ ರುಬ್ಬುತ್ತಾರಲ್ಲ, ಕಟ್ಟಿಗೆ ಒಲೆಯ ಕಾವಲಿ ಮೇಲೆ ಅದರ ಅಂಚು ಕೆಂಪಗಾಗುವುದನ್ನು ನೋಡುತ್ತಾ ನಿಲ್ಲುವುದೇ ಖುಷಿ. ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ ಸಾಕು. ಸುಮ್ನೆ ಸಾಂಬಾರ್ ಕೇಳಬೇಡಿ, ಕೇಳಿ ನಗೆಪಾಟಲಾಗಿದ್ದೇನೆ.

ತಿಂಗಳ ಕೊನೆಗೆ ಮಂಡಕ್ಕಿ ಮಿರ್ಚಿಯೇ ಗತಿ. ಊರಲ್ಲೇ ಭಟ್ಟಿಗಳಿವೆ, ಮಂಡಕ್ಕಿಗೆ ಬರವಿಲ್ಲ. ಹಾಸ್ಟೆಲಿಗೆ ಒಯ್ಯುವುದಾದರೆ ಒಗ್ಗರಣೆ ಹಾಕಿಸದೆ ಈರುಳ್ಳಿ, ಖಾರ ಬೇರೆ ಕಟ್ಟಿಸಿಕೊಳ್ಳಿ. ಇಲ್ಲದಿದ್ದರೆ ರೂಮು ಮುಟ್ಟುವಷ್ಟರಲ್ಲಿ ಮೆತ್ತಗಾಗಿರುತ್ತದೆ.